ಓದುಗರ ಪ್ರಶ್ನೆ, ತಜ್ಞರ ಉತ್ತರ: ಅಪಾಯದ ಜಾಗಕ್ಕೆ ಹೋದವರೆಷ್ಟು, ಹೊರಬಂದವರೆಷ್ಟು?

ಕಾರ್ಖಾನೆಯ ಅಪಾಯಕಾರಿ ಜಾಗಗಳಿಗೆ ಯಾರನ್ನು ಬಿಡಬೇಕು, ಬಿಟ್ಟವರ ಲೆಕ್ಕ ಹೇಗಿಡಬೇಕು ಎಂಬ ಪ್ರಶ್ನೆಗಳನ್ನು ಈ ಬಾರಿ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಒಂದೇ ಧಾಟಿಯ ಪ್ರಶ್ನೆಗಳನ್ನು ಸೇರಿಸಿ ಒಂದಾಗಿಸಿದ್ದೇವೆ.

ಪ್ರಶ್ನೆ: ಮಾಕ್ ಡ್ರಿಲ್ ನಡೆದಾಗ ಕಂಪ್ಯೂಟರ್ ಪಟ್ಟಿಯ ಪ್ರಕಾರ ಪ್ಲಾಂಟಿನೊಳಗೆ 41 ಮಂದಿ ಇದ್ದರು. ಅಸೆಂಬ್ಲಿ ಪಾಯಿಂಟಿನಲ್ಲಿ (ತುರ್ತಿನಲ್ಲಿ ಎಲ್ಲರೂ ಬಂದು ಸೇರುವ ಜಾಗ) ಎಣಿಸಿದರೆ 33. ವಿಚಾರಿಸಿದಾಗ, ಉಳಿದ 8 ಮಂದಿಯಲ್ಲಿ 7 ಮಂದಿ ಹಿಂದಿನ ಪಾಳಿ ಮುಗಿಸಿ ಮನೆಗೆ ಹೋಗಿದ್ದರು, ಒಬ್ಬರು ಕ್ಯಾಂಟೀನಿನಲ್ಲಿದ್ದರು. ಕಾರ್ಡ್ ರೀಡರುಗಳೇನೋ ಸರಿಯಾಗಿವೆ. ತಪ್ಪು ಎಲ್ಲಿದೆ?
– ಪಾಳಿ ಮೇಲ್ವಿಚಾರಕರೊಬ್ಬರು

ಉತ್ತರ: ಹೊರಬರುವ ದಾರಿಯಲ್ಲಿ. ಒಳಗೆ ಹೋಗುವಾಗ ಕಾರ್ಡ್ ತೋರಿಸದಿದ್ದರೆ ಬಾಗಿಲು ತೆರೆಯುವುದೇ ಇಲ್ಲ, ಹಾಗಾಗಿ ಒಳಹೋದವರ ಲೆಕ್ಕ ಬಹುಮಟ್ಟಿಗೆ ಸರಿಯಿರುತ್ತದೆ. ಹೊರಗೆ ಬರಲು ಸಾಮಾನ್ಯವಾಗಿ ಒಂದು ಹಿಡಿ ಒತ್ತಿದರೆ ಸಾಕು. ಅಲ್ಲಿ ಕಾರ್ಡ್ ತೋರಿಸುವುದು ಅವರವರ ಮನಸ್ಸಿಗೆ ಬಿಟ್ಟ ವಿಷಯವಾಗುತ್ತದೆ. ಪಾಳಿ ಬಿಟ್ಟ ಹೊತ್ತಿನಲ್ಲಿ ಮುಂದಿನವನು ತೆರೆದ ಬಾಗಿಲಲ್ಲೇ ಹಿಂದಿನ ಹತ್ತು ಮಂದಿ ದಾಟುತ್ತಾರೆ. ಲಾರಿ ಹತ್ತಿ ವಾಹನದ ಗೇಟಿನಿಂದ ಹೊರಟವರು ರೀಡರಿನ ಹತ್ತಿರವೂ ಸುಳಿದಿರುವುದಿಲ್ಲ.

ಮೊದಲು ತಪ್ಪುಗಳನ್ನು ಎರಡಾಗಿ ಬೇರ್ಪಡಿಸಿ. ಪಟ್ಟಿಯಲ್ಲಿ ಹೆಸರಿದೆ, ಮನುಷ್ಯ ಒಳಗಿಲ್ಲ ಎಂದಾದರೆ ರಕ್ಷಣಾ ತಂಡದವರು ಇಲ್ಲದವನನ್ನು ಹುಡುಕಿಕೊಂಡು ಹೊಗೆಯೊಳಗೆ ಹೋಗುತ್ತಾರೆ. ಮನುಷ್ಯ ಒಳಗಿದ್ದಾನೆ, ಪಟ್ಟಿಯಲ್ಲಿಲ್ಲ ಎಂದಾದರೆ ಅವನನ್ನು ಹುಡುಕಲು ಯಾರೂ ಹೋಗುವುದಿಲ್ಲ. ನಿಮ್ಮ ಡ್ರಿಲ್‌ನಲ್ಲಿ ಕಂಡದ್ದು ಮೊದಲನೆಯದು ಮಾತ್ರ. ಎರಡನೆಯದನ್ನು ಹಿಡಿಯಲು ಬೇರೆ ಪರೀಕ್ಷೆ ಬೇಕು: ಮುನ್ಸೂಚನೆ ಕೊಡದೆ ಯಾವುದೋ ಹೊತ್ತಿನಲ್ಲಿ ಪಟ್ಟಿ ಮುದ್ರಿಸಿಕೊಂಡು ಒಳಗೆ ಹೋಗಿ, ಎದುರಿಗೆ ಸಿಕ್ಕ ಪ್ರತಿಯೊಬ್ಬರ ಹೆಸರು ಪಟ್ಟಿಯಲ್ಲಿದೆಯೇ ನೋಡಿ. ರಾತ್ರಿ ಪಾಳಿಯಲ್ಲೂ ಪಾಳಿ ಬದಲಾಗುವ ಹೊತ್ತಿನಲ್ಲೂ ತಲಾ ಒಮ್ಮೆ ಮಾಡಿದರೆ ಸೋರಿಕೆ ಎಲ್ಲಿದೆ ಎಂಬುದು ಬಹಳ ಮಟ್ಟಿಗೆ ತಿಳಿಯುತ್ತದೆ.

ಇನ್ನು ಸರಿಪಡಿಸುವ ಬಗೆ. ಇಡೀ ಕಾರ್ಖಾನೆಯ ಮುಖ್ಯ ಗೇಟಿನ ಹಾಜರಿಯನ್ನೇ ‘ಒಳಗಿರುವವರ ಪಟ್ಟಿ’ ಎಂದು ಬಳಸಬೇಡಿ. ಅಪಾಯದ ಜಾಗವನ್ನು ಪ್ರತ್ಯೇಕ ವಲಯ ಮಾಡಿ, ಅದಕ್ಕೇ ಒಳ ರೀಡರ್, ಹೊರ ರೀಡರ್ ಹಾಕಿ. ಒಬ್ಬೊಬ್ಬರೇ ದಾಟುವಂಥ, ಆಳೆತ್ತರದ ತಿರುಗು ಗೇಟು ಇದ್ದರೆ ಒಬ್ಬರ ಬೆನ್ನಿಗೆ ಇನ್ನೊಬ್ಬರು ನುಸುಳುವುದು ನಿಲ್ಲುತ್ತದೆ. ಆದರೆ ಗೇಟಿನ ಸಂಖ್ಯೆಯನ್ನು ಲೆಕ್ಕ ಹಾಕಿ. ಒಂದು ಗೇಟಿನಲ್ಲಿ ನಿಮಿಷಕ್ಕೆ 15 ಮಂದಿ ದಾಟುತ್ತಾರೆಂದರೆ 300 ಜನರ ಪಾಳಿಗೆ ಎರಡು ಗೇಟಿನಲ್ಲಿ 10 ನಿಮಿಷ ಹಿಡಿಯುತ್ತದೆ. ಬಸ್ಸು ಹೊರಡುವ ಆತುರದಲ್ಲಿ ಅಷ್ಟು ಹೊತ್ತು ಯಾರೂ ಸಾಲಿನಲ್ಲಿ ನಿಲ್ಲುವುದಿಲ್ಲ. ಕಾವಲುಗಾರ ಪಕ್ಕದ ದೊಡ್ಡ ಗೇಟು ತೆರೆದೇ ತೆರೆಯುತ್ತಾನೆ.

ಒಳಹೋದ ಕಾರ್ಡು ಹೊರಬಂದ ದಾಖಲೆ ಇಲ್ಲದೆ ಮತ್ತೆ ಒಳಹೋಗದಂತೆ ತಡೆಯುವ ಆಂಟಿ-ಪಾಸ್‌ಬ್ಯಾಕ್ ವ್ಯವಸ್ಥೆ ಬಹುತೇಕ ಎಲ್ಲ ತಂತ್ರಾಂಶಗಳಲ್ಲೂ ಇರುತ್ತದೆ, ಬಳಸುವವರು ಕಡಿಮೆ. ಮೊದಲ ತಿಂಗಳು ಬರೀ ಎಚ್ಚರಿಕೆ ಕೊಡುವಂತೆ ಇಟ್ಟು, ಆಮೇಲೆ ತಡೆಯುವಂತೆ ಬದಲಿಸಿ. ಮೊದಲ ದಿನವೇ ತಡೆದರೆ ಗೇಟಿನಲ್ಲಿ ಗಲಾಟೆಯಾಗಿ ಸಂಜೆಯೊಳಗೆ ಯಾರೋ ಅದನ್ನು ಆರಿಸಿಬಿಡುತ್ತಾರೆ.

ಒಂದನ್ನು ಮಾತ್ರ ಮಾಡಲೇಬೇಡಿ. ಪಟ್ಟಿ ‘ಸ್ವಚ್ಛ’ವಾಗಿರಲಿ ಎಂದು ಒಳಹೋಗಿ 12 ಗಂಟೆ ಕಳೆದ ಹೆಸರುಗಳನ್ನು ತಾನಾಗಿ ಅಳಿಸುವ ಸೌಲಭ್ಯವಿರುತ್ತದೆ. ಯಾವುದೋ ಪಂಪ್‌ಹೌಸಿನಲ್ಲಿ ಪ್ರಜ್ಞೆ ತಪ್ಪಿ ಬಿದ್ದವನ ಹೆಸರೂ ಅದರೊಂದಿಗೇ ಅಳಿದುಹೋಗುತ್ತದೆ. 12 ಗಂಟೆ ದಾಟಿದ ಹೆಸರು ಪಾಳಿ ಮುಖ್ಯಸ್ಥರ ಮುಂದೆ ಬರಲಿ, ಅವರು ಫೋನು ಮಾಡಿ ಆಸಾಮಿ ಎಲ್ಲಿದ್ದಾನೆಂದು ಖಚಿತಪಡಿಸಿಕೊಂಡು ತಾವೇ ತೆಗೆಯಲಿ.

ಸೈರನ್ ಆದ ಕ್ಷಣ ಗೇಟುಗಳೆಲ್ಲ ಹೊರದಿಕ್ಕಿಗೆ ಸಲೀಸಾಗಿ ತಿರುಗಬೇಕು, ಯಾರಿಂದಲೂ ಕಾರ್ಡ್ ಕೇಳಬಾರದು. ಆ ಕ್ಷಣದ ಪಟ್ಟಿ ಹಾಗೇ ನಿಲ್ಲಲಿ. ಅಸೆಂಬ್ಲಿ ಪಾಯಿಂಟಿನ ರೀಡರಿಗೆ ಕಾರ್ಡ್ ತೋರಿಸಿದವರ ಹೆಸರು ಅದರಿಂದ ಕಳಚುತ್ತಾ ಹೋಗಲಿ. ಒಬ್ಬರಿಗೆ 3 ಸೆಕೆಂಡ್ ಎಂದಿಟ್ಟುಕೊಂಡರೂ 200 ಮಂದಿಗೆ ಒಂದು ರೀಡರಿನಲ್ಲಿ 10 ನಿಮಿಷ ಬೇಕು. ನಾಲ್ಕು ಇದ್ದರೆ ಎರಡೂವರೆ ನಿಮಿಷ. ಗಾಳಿ ಯಾವ ಕಡೆಗೆ ಬೀಸಿದರೂ ಒಂದಾದರೂ ಸುರಕ್ಷಿತವಾಗಿರುವಂತೆ ಎರಡು ಅಸೆಂಬ್ಲಿ ಪಾಯಿಂಟುಗಳು ಬೇಕು, ಎರಡರ ರೀಡರುಗಳೂ ಒಂದೇ ಪಟ್ಟಿಯಿಂದ ಹೆಸರು ಕಳೆಯಬೇಕು. ಸರ್ವರ್ ಅಪಾಯದ ವಲಯದ ಹೊರಗಿರಲಿ, ಯುಪಿಎಸ್ ಇರಲಿ, ಸೈರನ್ ಜೊತೆಗೇ ಪಟ್ಟಿಯ ಕಾಗದದ ಪ್ರತಿ ಗೇಟಿನಲ್ಲೂ ಕಂಟ್ರೋಲ್ ರೂಮಿನಲ್ಲೂ ತಾನಾಗಿ ಮುದ್ರಣವಾಗಲಿ.

ಮೂವತ್ತರೊಳಗಿನ ಜನರಿರುವ ಘಟಕವಾದರೆ ಇಷ್ಟೆಲ್ಲ ಬೇಕಿಲ್ಲ. ಬಾಗಿಲ ಬಳಿ ಕೊಕ್ಕೆಗಳ ಬೋರ್ಡು, ತಲೆಗೊಂದು ಬಿಲ್ಲೆ ಸಾಕು. ಗಣಿಗಳಲ್ಲಿ ಹಿತ್ತಾಳೆ ಬಿಲ್ಲೆಯ ಲೆಕ್ಕ ಬಹಳ ಹಳೆಯದು. ಅದಕ್ಕೆ ಕರೆಂಟೂ ಬೇಡ.

ಪ್ರಶ್ನೆ: ಕರೆಂಟ್ ಹೋದಾಗ ರಾಸಾಯನಿಕ ಗೋದಾಮಿನ ಬಾಗಿಲು ತೆರೆದುಕೊಳ್ಳಬೇಕೋ, ಮುಚ್ಚಿರಬೇಕೋ? ನಮ್ಮಲ್ಲಿ ಮ್ಯಾಗ್ನೆಟಿಕ್ ಲಾಕ್ ಇದೆ, ಕರೆಂಟ್ ಇದ್ದಾಗಲೂ ಜೋರಾಗಿ ಎಳೆದರೆ ಬಿಟ್ಟುಕೊಳ್ಳುತ್ತದೆ.

ಉತ್ತರ: ಒಳಗಿನಿಂದ ಯಾವಾಗಲೂ ತೆರೆಯಬೇಕು, ಹೊರಗಿನಿಂದ ಮುಚ್ಚಿರಬೇಕು. ಮ್ಯಾಗ್ನೆಟಿಕ್ ಲಾಕ್ ಒಂದೇ ಈ ಎರಡನ್ನೂ ಕೊಡದು, ಕರೆಂಟ್ ಹೋದರೆ ಎರಡೂ ಕಡೆಯಿಂದ ಬಿಟ್ಟುಕೊಳ್ಳುತ್ತದೆ. ಇಂಥ ಬಾಗಿಲಿಗೆ ಎಲೆಕ್ಟ್ರಿಕ್ ಸ್ಟ್ರೈಕ್ (ಚೌಕಟ್ಟಿನಲ್ಲಿ ಕೂತು ಚಿಲಕ ಹಿಡಿದಿರುವ, ಕರೆಂಟ್ ಇಲ್ಲದಾಗ ಬಿಡದ ಕೊಂಡಿ) ಜೊತೆಗೆ ಒಳಬದಿಯಲ್ಲಿ ಒತ್ತಿದರೆ ತೆರೆಯುವ ಯಾಂತ್ರಿಕ ಹಿಡಿ ಇರುವುದು ವಾಸಿ. ಕರೆಂಟ್ ಹೋದರೆ ಹೊರಗಿನವನಿಗೆ ಬೀಗ, ಒಳಗಿನವನಿಗೆ ಬರೀ ಹಿಡಿ.

ಇರುವ ಲಾಕನ್ನೇ ಉಳಿಸಿಕೊಳ್ಳುವುದಾದರೆ ಮೊದಲು ಬಾಗಿಲಿನ ಮೇಲಿನ ಕಬ್ಬಿಣದ ಪಟ್ಟಿ ನೋಡಿ. ಅದು ನಡುವಿನ ಬೋಲ್ಟಿನ ರಬ್ಬರ್ ವಾಷರ್ ಮೇಲೆ ಸ್ವಲ್ಪ ಅಲ್ಲಾಡುವಂತಿರಬೇಕು, ಆಗಲೇ ಅದು ಅಯಸ್ಕಾಂತಕ್ಕೆ ಪೂರ್ತಿ ಅಂಟುತ್ತದೆ. ‘ಸಡಿಲವಾಗಿದೆ’ ಎಂದು ಯಾರಾದರೂ ಬಿಗಿಯಾಗಿ ತಿರುಗಿಸಿದ್ದರೆ ಒಂದು ಅಂಚು ಮಾತ್ರ ತಾಗಿ, ಸುಮಾರು 540 ಕಿಲೋ ಹಿಡಿಯಬೇಕಾದ ಲಾಕು ಒಬ್ಬನ ಎಳೆತಕ್ಕೇ ಸೋಲುತ್ತದೆ. ಬಣ್ಣ, ತುಕ್ಕು, ಧೂಳು ಇದ್ದರೂ ಅಷ್ಟೇ. ಆಮೇಲೆ ಲಾಕಿನ ತುದಿಯಲ್ಲೇ ವೋಲ್ಟೇಜ್ ಅಳೆಯಿರಿ. 12 ವೋಲ್ಟಿನ ಲಾಕು ಅರ್ಧ ಆಂಪಿಯರ್ ಎಳೆಯುತ್ತದೆ ಎಂದುಕೊಳ್ಳಿ. 60 ಮೀಟರ್ ದೂರಕ್ಕೆ 0.5 ಚದರ ಮಿ.ಮೀ. ತಂತಿ ಎಳೆದಿದ್ದರೆ ಹೋಗಿ ಬರುವ ದಾರಿಯಲ್ಲೇ ಸುಮಾರು 2 ವೋಲ್ಟ್ ಖರ್ಚಾಗುತ್ತದೆ. 1.5 ಚದರ ಮಿ.ಮೀ. ತಂತಿಯಾದರೆ ಮುಕ್ಕಾಲು ವೋಲ್ಟಿನೊಳಗೆ ಮುಗಿಯುತ್ತದೆ.

ಬಾಗಿಲ ಒಳಗಿನ ಹಸಿರು ತುರ್ತು ಪೆಟ್ಟಿಗೆ ಲಾಕಿನ ಕರೆಂಟನ್ನು ನೇರವಾಗಿ ಕತ್ತರಿಸಬೇಕು. ಅದು ಕಂಟ್ರೋಲರಿಗೆ ಸುದ್ದಿ ಮುಟ್ಟಿಸಿ, ಕಂಟ್ರೋಲರ್ ಲಾಕ್ ಬಿಡುವಂತೆ ಜೋಡಿಸಿದ್ದರೆ ಬದಲಿಸಿ. ಕಂಟ್ರೋಲರ್ ಸ್ತಬ್ಧವಾದ ದಿನ ಅದು ಕೆಲಸ ಮಾಡುವುದಿಲ್ಲ. ಹಾಗೆಯೇ ಲಾಕ್ ತೆರೆಯುವ ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್) ಹೊರಗೋಡೆಯ ರೀಡರಿನೊಳಗೇ ಇರುವ ಅಗ್ಗದ ಮಾದರಿಗಳನ್ನು ಹೊರಬಾಗಿಲಿಗೆ ಹಾಕಬೇಡಿ. ಸ್ಕ್ರೂಡ್ರೈವರಿನಲ್ಲಿ ರೀಡರ್ ಕಿತ್ತು ಎರಡು ತಂತಿ ಮುಟ್ಟಿಸಿದರೆ ಬಾಗಿಲು ತೆರೆಯುತ್ತದೆ.

ಪ್ರಶ್ನೆ: ಬೆರಳಚ್ಚು ಯಂತ್ರ ನಮ್ಮ ಅರ್ಧ ಜನರನ್ನು ಗುರುತಿಸುವುದೇ ಇಲ್ಲ. ಯಂತ್ರ ಬದಲಿಸಬೇಕೇ?

ಉತ್ತರ: ಯಂತ್ರಕ್ಕಿಂತ ವಿಧಾನ ಬದಲಿಸಿ. ಸಿಮೆಂಟು, ಸುಣ್ಣ, ದ್ರಾವಕಗಳಲ್ಲಿ ದುಡಿಯುವವರ ಬೆರಳ ಗೆರೆ ಸವೆದಿರುತ್ತದೆ, ಗ್ರೀಸ್ ಮೆತ್ತಿರುತ್ತದೆ. ಗ್ಲೌಸ್ ತೆಗೆಸಿ ಬೆರಳು ಒತ್ತಿಸುವುದೆಂದರೆ ಅಪಾಯದ ಬಾಗಿಲಲ್ಲೇ ರಕ್ಷಣೆ ಕಳಚಿಸಿದಂತೆ. ಮಾಸ್ಕ್ ಹಾಕಿದ ಮುಖಕ್ಕೂ ಇದೇ ತೊಂದರೆ. ಕಾರ್ಡೇ ಸಾಕು. ಒಬ್ಬರ ಕಾರ್ಡನ್ನು ಇನ್ನೊಬ್ಬರು ತರುತ್ತಾರೆಂಬ ಅನುಮಾನವಿದ್ದರೆ, ಬಟ್ಟೆ ಬದಲಿಸುವ ಕೋಣೆಯ ಮುಂಚಿನ ಬಾಗಿಲಲ್ಲಿ, ಅಂದರೆ ಕೈ ಇನ್ನೂ ಬರಿದಾಗಿರುವಲ್ಲಿ, ಬೆರಳಚ್ಚು ಇಟ್ಟುಕೊಳ್ಳಿ.

ಪ್ರಶ್ನೆ: ಬಿಳಿ ಪ್ಲಾಸ್ಟಿಕ್ ಕಾರ್ಡುಗಳನ್ನು ನಕಲು ಮಾಡಬಹುದಂತೆ, ನಿಜವೇ?

ಉತ್ತರ: 125 ಕಿಲೋಹರ್ಟ್ಸ್‌ನ ಸಾದಾ ಕಾರ್ಡಾದರೆ ನಿಜ, ಅದು ಕೇಳಿದವರಿಗೆಲ್ಲ ತನ್ನ ಸಂಖ್ಯೆ ಹೇಳಿಬಿಡುತ್ತದೆ. 13.56 ಮೆಗಾಹರ್ಟ್ಸ್‌ನವುಗಳಲ್ಲಿ ಮೈಫೇರ್ ಕ್ಲಾಸಿಕ್‌ನ ಗೂಢಲಿಪಿಯೂ 2008ರಲ್ಲೇ ಒಡೆದುಹೋಯಿತು. ಹೊಸದಾಗಿ ಕೊಳ್ಳುವಾಗ ಎಇಎಸ್ ಗೂಢಲಿಪಿಯ ಕಾರ್ಡು ಕೇಳಿ. ರೀಡರ್ ಬರೀ ಕಾರ್ಡಿನ ಕ್ರಮಸಂಖ್ಯೆ ಓದಿ ಸುಮ್ಮನಾಗದೆ ಆ ಗೂಢಲಿಪಿಯನ್ನು ನಿಜವಾಗಿ ಪರೀಕ್ಷಿಸುತ್ತದೆಯೇ ಎಂದೂ ಕೇಳಿ. ದುಬಾರಿ ಕಾರ್ಡು ಕೊಂಡು ಕ್ರಮಸಂಖ್ಯೆ ಮಾತ್ರ ಓದಿಸುವ ಜಾಗಗಳು ಬೇಕಾದಷ್ಟಿವೆ.

ಪ್ರಶ್ನೆ: ಟ್ಯಾಂಕ್ ಸ್ವಚ್ಛತೆಗೆ ಇಳಿಯುವವರ ಲೆಕ್ಕಕ್ಕೆ ಮ್ಯಾನ್‌ಹೋಲ್ ಪಕ್ಕ ಕಾರ್ಡ್ ರೀಡರ್ ಇಡೋಣವೆಂದಿದ್ದೇವೆ. ಅದು ಸಾಕಾಗುತ್ತದೆಯೇ?
– ನಿರ್ವಹಣಾ ವಿಭಾಗದ ಎಂಜಿನಿಯರ್

ಉತ್ತರ: ಸಾಕಾಗುವುದಿಲ್ಲ. ಇವನಿಗೆ ಅನುಮತಿ ಇದೆಯೇ ಎಂಬುದಷ್ಟೇ ರೀಡರಿಗೆ ಗೊತ್ತು. ಟ್ಯಾಂಕಿನ ಗಾಳಿ ಇವತ್ತು ಉಸಿರಾಟಕ್ಕೆ ತಕ್ಕದ್ದೇ ಎಂಬುದು ಗೊತ್ತಿಲ್ಲ. ಇಲ್ಲಿ ಬೇಕಾದದ್ದು ಮ್ಯಾನ್‌ಹೋಲ್ ಬಿಟ್ಟು ಕದಲದ ಒಬ್ಬ ಕಾವಲಿನವನು, ಅವನ ಕೈಯಲ್ಲೊಂದು ಹಾಳೆ: ಹೆಸರು, ಇಳಿದ ಸಮಯ, ಹತ್ತಿದ ಸಮಯ, ಗ್ಯಾಸ್ ಮಾಪನ. ರೀಡರ್ ಬೇಕಾದರೆ ಅದರ ಜೊತೆಗೆ ಇರಲಿ.

ಇಳಿಯುವ ಮೊದಲು ಪೈಪುಗಳಿಗೆ ಬ್ಲೈಂಡ್ (ದಾರಿ ಪೂರ್ತಿ ಮುಚ್ಚುವ ಲೋಹದ ತಟ್ಟೆ) ಹಾಕಿ. ವಾಲ್ವ್ ಮುಚ್ಚಿದ್ದನ್ನು ನಂಬಬೇಡಿ, ಮುಚ್ಚಿದ ವಾಲ್ವೂ ಒಳಗೊಳಗೇ ಸೋರುತ್ತದೆ. ಗಾಳಿ ಪರೀಕ್ಷೆಗೆ ಒಂದು ಕ್ರಮವಿದೆ: ಮೊದಲು ಆಮ್ಲಜನಕ, ಆಮೇಲೆ ಹೊತ್ತಿಕೊಳ್ಳುವ ಅನಿಲ, ಕೊನೆಗೆ ವಿಷಾನಿಲ. ಹೊತ್ತಿಕೊಳ್ಳುವ ಅನಿಲ ಅಳೆಯುವ ಸಾಮಾನ್ಯ ಸೆನ್ಸರ್ ಆ ಅನಿಲವನ್ನು ತನ್ನ ಮೇಲೆಯೇ ಸುಟ್ಟು ಅಳೆಯುತ್ತದೆ. ಆಮ್ಲಜನಕ ಸಾಲದಿದ್ದರೆ ಸುಡಲಾರದೆ ಕಡಿಮೆ ತೋರಿಸಿ ಮೋಸ ಮಾಡುತ್ತದೆ. ಮಿತಿಗಳು: ಆಮ್ಲಜನಕ 19.5ರಿಂದ 23.5 ಶೇಕಡಾ, ಹೊತ್ತಿಕೊಳ್ಳುವ ಅನಿಲ ಎಲ್‌ಇಎಲ್‌ನ 10 ಶೇಕಡಾಕ್ಕಿಂತ ಕಡಿಮೆ (ಎಲ್‌ಇಎಲ್ ಎಂದರೆ ಅನಿಲ ಹೊತ್ತಿಕೊಳ್ಳಲು ಗಾಳಿಯಲ್ಲಿ ಇರಬೇಕಾದ ಕನಿಷ್ಠ ಪ್ರಮಾಣ). ಹೈಡ್ರೋಜನ್ ಸಲ್ಫೈಡ್‌ಗೆ 10 ಪಿಪಿಎಂ (ಹತ್ತು ಲಕ್ಷದಲ್ಲಿ ಹತ್ತು ಭಾಗ), ಕಾರ್ಬನ್ ಮೋನಾಕ್ಸೈಡ್‌ಗೆ 35 ಪಿಪಿಎಂ ಎಚ್ಚರಿಕೆ ಮಟ್ಟವಾಗಿ ಇಡುವುದು ರೂಢಿ. ಟ್ಯಾಂಕಿನ ಬಾಯಿಯ ಬಳಿ ಒಮ್ಮೆ ನೋಡಿದರೆ ಆಗದು. ಮೀಥೇನ್ ಮೇಲೇರುತ್ತದೆ, ಹೈಡ್ರೋಜನ್ ಸಲ್ಫೈಡ್ ತಳದಲ್ಲಿ ಕೂರುತ್ತದೆ. ನಳಿಕೆ ಇಳಿಬಿಟ್ಟು ಪ್ರತಿ 1.2 ಮೀಟರಿಗೊಮ್ಮೆ ನಿಲ್ಲಿಸಿ, ಗಾಳಿ ನಳಿಕೆಯುದ್ದಕ್ಕೂ ಬಂದು ಸೆನ್ಸರಿಗೆ ಮುಟ್ಟುವಷ್ಟು ಹೊತ್ತು ಕೊಟ್ಟು ಓದಿ. ಕೊಳೆತ ಮೊಟ್ಟೆಯ ವಾಸನೆ ನಿಂತಿತು ಎಂದು ನೆಮ್ಮದಿಯಾಗಬೇಡಿ. 100 ಪಿಪಿಎಂ ಸುಮಾರಿಗೆ ಹೈಡ್ರೋಜನ್ ಸಲ್ಫೈಡ್ ಮೂಗಿನ ಗ್ರಹಣಶಕ್ತಿಯನ್ನೇ ಕೊಲ್ಲುತ್ತದೆ.

ನೈಟ್ರೋಜನ್ ತುಂಬಿದ ಟ್ಯಾಂಕಿಗಂತೂ ವಾಸನೆಯೂ ಇಲ್ಲ, ಉಸಿರು ಕಟ್ಟಿದ ಅನುಭವವೂ ಆಗುವುದಿಲ್ಲ. ಒಂದೆರಡು ಉಸಿರಿಗೆ ಪ್ರಜ್ಞೆ ಹೋಗಬಹುದು. ತಲೆ ಮಾತ್ರ ಒಳಗೆ ಹಾಕಿ ನೋಡಿದರೂ ಅದು ಪ್ರವೇಶವೇ, ಅದಕ್ಕೂ ಪರ್ಮಿಟ್ (ಅಪಾಯದ ಕೆಲಸಕ್ಕೆ ಕೊಡುವ ಲಿಖಿತ ಅನುಮತಿ) ಬೇಕು. ಒಳಗಿನವನು ಬಿದ್ದರೆ ಕಾವಲಿನವನು ಇಳಿಯಬಾರದು. ಹಾಗೆ ಹಿಂದೆಯೇ ಇಳಿದವರೇ ಎರಡನೆಯ, ಮೂರನೆಯ ಹೆಣವಾಗುವುದು. 1.5 ಮೀಟರಿಗಿಂತ ಆಳವಿದ್ದರೆ ಮುಕ್ಕಾಲಿ, ವಿಂಚು, ಮೈಗೆ ಕಟ್ಟಿದ ಹಗ್ಗ ಮೊದಲೇ ಸಿದ್ಧವಿರಬೇಕು. ಕಾವಲಿನವನು ಊಟಕ್ಕೆ ಹೋಗುವುದಾದರೆ, ಗಾಳಿ ಊದುವ ಫ್ಯಾನ್ ನಿಂತರೆ, ಎಲ್ಲರೂ ಮೇಲೆ ಬಂದು ಬಾಯಿಗೆ ತಡೆ ಹಾಕಬೇಕು.

ಪರ್ಮಿಟ್‌ಗೆ ಪಾಳಿಯ ಅಂತ್ಯವೇ ಅಂತ್ಯ. 1988ರ ಜುಲೈ 6ರಂದು ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲ ವೇದಿಕೆಯಲ್ಲಿ ಹಗಲು ಪಾಳಿಯವರು ಒಂದು ಪಂಪಿನ ಸುರಕ್ಷತಾ ವಾಲ್ವ್ ಬಿಚ್ಚಿ ಬ್ಲೈಂಡ್ ಹಾಕಿದ್ದರು. ಆ ಪರ್ಮಿಟ್ ರಾತ್ರಿ ಪಾಳಿಯವರ ಗಮನಕ್ಕೆ ಬರಲಿಲ್ಲ. ಇನ್ನೊಂದು ಪಂಪ್ ನಿಂತಾಗ ಅವರು ಇದನ್ನು ಚಾಲೂ ಮಾಡಿದರು. ಸೋರಿದ ಅನಿಲ ಸ್ಫೋಟಿಸಿ, ಬೆಂಕಿ ಹಬ್ಬಿ 167 ಮಂದಿ ಸತ್ತರು. ಆದ್ದರಿಂದ ಪರ್ಮಿಟ್‌ಗಳನ್ನು ಕೆಲಸದ ಕ್ರಮಸಂಖ್ಯೆಯ ಪ್ರಕಾರ ಜೋಡಿಸಬೇಡಿ, ಯಂತ್ರದ ಹೆಸರಿನಡಿ ಜೋಡಿಸಿ. ಒಂದು ಪಂಪ್ ಚಾಲೂ ಮಾಡುವವನಿಗೆ ಆ ಪಂಪಿಗೆ ಸಂಬಂಧಿಸಿದ ಎಲ್ಲ ಪರ್ಮಿಟ್ ಒಂದೇ ಕಡೆ ಕಾಣಬೇಕು.

ಪ್ರಶ್ನೆ: ರೋಬೋ ಇರುವ ಬೇಲಿಗೆ ಕಾರ್ಡ್ ರೀಡರ್ ಹಾಕಿ, ಅದರ ರಿಲೇಯಿಂದಲೇ ರೋಬೋ ನಿಲ್ಲುವಂತೆ ಮಾಡಬಹುದೇ? ಒಬ್ಬರು ಒಳಗಿರುವಾಗ ಇನ್ನೊಬ್ಬರು ಬಾಗಿಲು ಮುಚ್ಚಿ ಚಾಲೂ ಮಾಡಿದ ಪ್ರಸಂಗ ನಡೆದಿದೆ.

ಉತ್ತರ: ಬೇಡ. ಕಾರ್ಡ್ ವ್ಯವಸ್ಥೆಯ ರಿಲೇ ಅಂಟಿಕೊಂಡರೆ ಅದನ್ನು ಪತ್ತೆಹಚ್ಚುವ ಏರ್ಪಾಡೇ ಅದರಲ್ಲಿರುವುದಿಲ್ಲ. ಯಂತ್ರ ನಿಲ್ಲಿಸುವ ಕೆಲಸ ಎರಡು ಚಾನೆಲ್‌ನ ಸುರಕ್ಷತಾ ಸ್ವಿಚ್ ಮತ್ತು ಸುರಕ್ಷತಾ ರಿಲೇಯದು. ಕಾರ್ಡ್ ಬಾಗಿಲು ತೆರೆಯಲು ಅನುಮತಿ ಕೇಳಲಿ, ಅಷ್ಟೇ.

ನೀವು ಹೇಳಿದ ಪ್ರಸಂಗಕ್ಕೆ ಪರಿಹಾರ ಹಲವು, ಎಲ್ಲಕ್ಕಿಂತ ಸರಳವಾದದ್ದು ಬೀಗ. ಒಳಹೋಗುವ ಪ್ರತಿಯೊಬ್ಬರೂ ಬಾಗಿಲಿನ ಚಿಲಕ ಮುಚ್ಚದಂತೆ ತಮ್ಮ ಸ್ವಂತ ಬೀಗ ಜಡಿದು, ಕೀಲಿಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಲಿ. ಮೂವರು ಹೋದರೆ ಮೂರು ಬೀಗ. ರೀಸೆಟ್ ಬಟನ್ ಬೇಲಿಯ ಹೊರಗಿರಬೇಕು, ಅಲ್ಲಿಂದ ಒಳಗಿನ ಮೂಲೆಮೂಲೆ ಕಾಣಬೇಕು, ಒಳಗಿನಿಂದ ಕೈ ಚಾಚಿದರೆ ಸಿಗಬಾರದು. ಕಾಣದ ಮೂಲೆ ಇದ್ದರೆ ಅಲ್ಲೊಂದು ಬಟನ್ ಇಡಿ. ಮೊದಲು ಒಳಗೆ ಅದನ್ನು ಒತ್ತಿ, ಹೊರಬಂದು, ನಿಗದಿತ ಕೆಲವೇ ಸೆಕೆಂಡುಗಳೊಳಗೆ ಹೊರಗಿನದನ್ನು ಒತ್ತಿದರೆ ಮಾತ್ರ ರೀಸೆಟ್ ಆಗಲಿ. ಒಳಗೆ ಸಿಕ್ಕಿಬಿದ್ದವನು ಬಾಗಿಲು ತೆರೆಯಲು ಒಳಹಿಡಿ ಇರಲೇಬೇಕು.

ದೂರವನ್ನೂ ಲೆಕ್ಕ ಹಾಕಿ. ನಡೆದು ಬರುವವನ ವೇಗ ಸೆಕೆಂಡಿಗೆ 1600 ಮಿ.ಮೀ. ಎಂದು ಹಿಡಿಯುತ್ತಾರೆ. ರೋಬೋ ಪೂರ್ತಿ ನಿಲ್ಲಲು ಅರ್ಧ ಸೆಕೆಂಡ್ ಬೇಕೆಂದರೆ ಲೈಟ್ ಕರ್ಟನ್ (ಯಾರಾದರೂ ದಾಟಿದರೆ ಯಂತ್ರ ನಿಲ್ಲಿಸುವ ಬೆಳಕಿನ ಕಿರಣಗಳ ಪರದೆ) ಅಪಾಯದ ಬಿಂದುವಿನಿಂದ ಕನಿಷ್ಠ 800 ಮಿ.ಮೀ. ಆಚೆ ಇರಬೇಕು, ಅದರ ಮೇಲೆ ಕಿರಣಗಳ ಅಂತರಕ್ಕೆ ತಕ್ಕ ಹೆಚ್ಚುವರಿ ದೂರ. ನಿಲ್ಲಲು 8 ಸೆಕೆಂಡ್ ಹಿಡಿಯುವ ಯಂತ್ರವಾದರೆ ಪೂರ್ತಿ ನಿಲ್ಲುವವರೆಗೆ ತೆರೆಯದ ಬಾಗಿಲೇ ಬೇಕು.

ಬಾಗಿಲ ಸ್ವಿಚ್ಚು ರೋಬೋವನ್ನು ನಿಲ್ಲಿಸುತ್ತದೆ, ಅದರಲ್ಲಿ ಉಳಿದ ಶಕ್ತಿಯನ್ನು ತೆಗೆಯುವುದಿಲ್ಲ. ಎತ್ತಿದ ತೋಳು, ಗಾಳಿಯ ಸಿಲಿಂಡರು, ಸ್ಪ್ರಿಂಗು ಹಾಗೇ ಇರುತ್ತವೆ. ರಿಪೇರಿಗೆ ಹೋಗುವವರು ಮುಖ್ಯ ಸ್ವಿಚ್ ಆರಿಸಿ, ಅದಕ್ಕೆ ಬೀಗ ಹಾಕಿ, ಗಾಳಿ ಬಿಟ್ಟು, ತೋಳಿಗೆ ಆಧಾರ ಕೊಟ್ಟು, ಸ್ಟಾರ್ಟ್ ಬಟನ್ ಒಮ್ಮೆ ಒತ್ತಿ ಅಲುಗದು ಎಂದು ನೋಡಿಯೇ ಕೈ ಹಾಕಬೇಕು. ಬೀಗ ಮರೆತು ಮನೆಗೆ ಹೋದವನದ್ದಾದರೆ? ಅವನು ಆವರಣದಲ್ಲಿಲ್ಲ ಎಂದು ಖಚಿತಪಡಿಸಿಕೊಂಡು, ಅವನಿಗೆ ತಿಳಿಸಲು ಪ್ರಯತ್ನಿಸಿ, ಹೊಣೆಯಿರುವ ಅಧಿಕಾರಿ ತೆಗೆಯಬಹುದು. ಮರುದಿನ ಅವನು ಕೆಲಸಕ್ಕೆ ಕೈ ಹಾಕುವ ಮೊದಲು ವಿಷಯ ಮುಟ್ಟಿರಬೇಕು. ಮೇಲ್ವಿಚಾರಕರ ಮೇಜಿನಲ್ಲಿ ಮಾಸ್ಟರ್ ಕೀ ಇಡುವ ಪದ್ಧತಿಯಿದ್ದರೆ ಬೀಗ ಹಾಕಿದ ಅರ್ಥವೇ ಹೋಯಿತು.

ಪ್ರಶ್ನೆ: ದ್ರಾವಕ ತುಂಬುವ ಕೋಣೆಯ ಒಳಗೆ ಹೊರಬರುವ ರೀಡರ್ ಹಾಕಬೇಕು. ಯಾವ ಮಾದರಿ ಕೊಳ್ಳಬೇಕು?

ಉತ್ತರ: ಸಾಧ್ಯವಿದ್ದರೆ ಯಾವುದೂ ಬೇಡ. ಕೋಣೆಗೆ ಮುಂಗೋಣೆಯೊಂದನ್ನು ಮಾಡಿ, ರೀಡರನ್ನು ಸ್ಫೋಟಕ ವಲಯದ ಆಚೆ, ಅಲ್ಲಿಗೆ ತನ್ನಿ. ಒಳಗೇ ಬೇಕೆಂದರೆ ಆ ವಲಯಕ್ಕೆ, ಆ ಅನಿಲದ ಗುಂಪಿಗೆ, ಆ ಉಷ್ಣತಾ ವರ್ಗಕ್ಕೆ ಪ್ರಮಾಣಪತ್ರ ಪಡೆದ ಸಾಧನವೇ ಆಗಬೇಕು. ಉದಾಹರಣೆಗೆ ಟಿ4 ವರ್ಗದ ಸಾಧನದ ಮೈ 135 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ಕೆಲಸ ಕೆಡುವುದು ಕೊಂಡ ಮೇಲೆ: ಎಲೆಕ್ಟ್ರಿಷಿಯನ್ ತಂತಿಗೆಂದು ಪೆಟ್ಟಿಗೆಗೆ ಹೊಸ ತೂತು ಕೊರೆದರೆ, ಸಾದಾ ಗ್ಲ್ಯಾಂಡ್ (ತಂತಿ ಒಳಹೋಗುವಲ್ಲಿ ಬಿಗಿಯಾಗಿ ಹಿಡಿಯುವ ಜೋಡಣೆ) ಹಾಕಿದರೆ, ಪ್ರಮಾಣಪತ್ರ ಕಾಗದಕ್ಕಷ್ಟೇ ಉಳಿಯುತ್ತದೆ. ಬಾಗಿಲ ಲಾಕಿಗೂ, ಜನ ಧರಿಸುವ ಬ್ಯಾಟರಿ ಟ್ಯಾಗಿಗೂ ಇದೇ ನಿಯಮ.

ಪ್ರಶ್ನೆ: ಪ್ರತಿಯೊಬ್ಬರೂ ಎಲ್ಲಿದ್ದಾರೆಂದು ಪರದೆಯ ಮೇಲೆ ತೋರಿಸುವ ಟ್ಯಾಗ್ ಹಾಕಿದೆವು. ಈಗ ಟ್ಯಾಗುಗಳು ಲಾಕರಿನಲ್ಲೇ ಉಳಿಯುತ್ತಿವೆ.

ಉತ್ತರ: ಆ ಪರದೆಯನ್ನು ನೋಡುವವರು ಯಾರು? ಟೀಗೆ ಹೋದ ನಿಮಿಷಗಳನ್ನು ಎಣಿಸಲು ಅದನ್ನು ಬಳಸಿದ ದಿನವೇ ಟ್ಯಾಗು ಲಾಕರ್ ಸೇರುತ್ತದೆ, ಇಲ್ಲವೇ ಒಬ್ಬನ ಜೇಬಿನಲ್ಲಿ ಮೂರು ಟ್ಯಾಗು ಓಡಾಡುತ್ತವೆ. ಆಮೇಲೆ ಪಟ್ಟಿ ಇರುವುದಕ್ಕಿಂತ ಇಲ್ಲದಿರುವುದೇ ವಾಸಿ. ದಾಖಲೆ ತುರ್ತಿಗೆ ಮಾತ್ರ ತೆರೆಯುತ್ತದೆ, ಇಷ್ಟು ದಿನದ ನಂತರ ಅಳಿಯುತ್ತದೆ ಎಂದು ಬರೆದು ಕಾರ್ಮಿಕರ ಪ್ರತಿನಿಧಿಗಳ ಸಹಿಯೊಂದಿಗೆ ಗೋಡೆಗೆ ಅಂಟಿಸಿ, ಅದರಂತೆ ನಡೆದುಕೊಳ್ಳಿ.

ತಂತ್ರಜ್ಞಾನದ ಮಟ್ಟಿಗೆ ಹೇಳುವುದಾದರೆ, ಜಿಪಿಎಸ್ ಚಾವಣಿಯಡಿ ನಂಬಿಕೆಗೆ ಅರ್ಹವಲ್ಲ. ದೂರದಿಂದ ಓದುವ ಯುಎಚ್‌ಎಫ್ ಟ್ಯಾಗು ಮೈಗೆ ಅಂಟಿದ್ದರೆ ದೇಹದ ನೀರು ಸಂಕೇತವನ್ನು ನುಂಗುತ್ತದೆ, ಹೆಲ್ಮೆಟ್ಟಿನ ಮೇಲಿದ್ದರೆ ಪರವಾಗಿಲ್ಲ. ಬ್ಲೂಟೂತ್ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ. ಅಲ್ಟ್ರಾ ವೈಡ್‌ಬ್ಯಾಂಡ್ 10ರಿಂದ 30 ಸೆಂ.ಮೀ. ನಿಖರ, ಆದರೆ ಕಬ್ಬಿಣದ ಕಾಡಿನಂಥ ಪ್ಲಾಂಟಿನಲ್ಲಿ ಬಹಳ ಗ್ರಾಹಕಗಳು ಬೇಕು. ರಕ್ಷಣಾ ತಂಡಕ್ಕೆ ಯಾವ ಮಹಡಿ, ಯಾವ ಕೋಣೆ ಎಂದು ತಿಳಿದರೆ ಸಾಮಾನ್ಯವಾಗಿ ಸಾಕು. ಭೂಗತ ಗಣಿಯ ಮಾತು ಬೇರೆ: 2006ರ ಜನವರಿಯಲ್ಲಿ ಅಮೆರಿಕದ ಸಾಗೋ ಗಣಿಯಲ್ಲಿ 12 ಮಂದಿ ಸತ್ತ ಮೇಲೆ ಅಲ್ಲಿ ಅದೇ ವರ್ಷ ಕಾನೂನು ತಂದು ಕಲ್ಲಿದ್ದಲು ಗಣಿಗಳಲ್ಲಿ ಎಲೆಕ್ಟ್ರಾನಿಕ್ ಪತ್ತೆ ವ್ಯವಸ್ಥೆಯನ್ನು ಕಡ್ಡಾಯ ಮಾಡಿದರು. ಒಂಟಿಯಾಗಿ ಕೆಲಸ ಮಾಡುವವರಿಗೆ ಜಾಗ ತೋರಿಸುವುದಕ್ಕಿಂತ, ಅಲುಗಾಡದೆ ಬಿದ್ದರೆ ಕೂಗಿಕೊಳ್ಳುವ ಟ್ಯಾಗು ಹೆಚ್ಚು ಉಪಯೋಗಿ.

ಪ್ರಶ್ನೆ: ಗುತ್ತಿಗೆ ಕಾರ್ಮಿಕರ ಕಾರ್ಡಿಗೆ ಎಷ್ಟು ದಿನದ ಅವಧಿ ಕೊಡಬೇಕು?

ಉತ್ತರ: ಗುತ್ತಿಗೆಯ ಕೊನೆಯ ದಿನ, ಸುರಕ್ಷತಾ ತರಬೇತಿಯ ಮಾನ್ಯತೆ ಮುಗಿಯುವ ದಿನ, ವೈದ್ಯಕೀಯ ತಪಾಸಣೆಯ ಅವಧಿ – ಮೂರರಲ್ಲಿ ಯಾವುದು ಮೊದಲೋ ಆ ದಿನಕ್ಕೆ ಕಾರ್ಡು ತಾನಾಗಿ ನಿಲ್ಲಲಿ. 30 ದಿನ ಮೊದಲೊಮ್ಮೆ, 7 ದಿನ ಮೊದಲೊಮ್ಮೆ ಗುತ್ತಿಗೆದಾರರಿಗೂ ಕೆಲಸಗಾರರಿಗೂ ಸೂಚನೆ ಹೋಗಲಿ. ಇಲ್ಲದಿದ್ದರೆ ಬೆಳಿಗ್ಗೆ ಆರು ಗಂಟೆಗೆ ಗೇಟಿನಲ್ಲಿ ನಿಂತವನಿಗೆ ಕಾವಲುಗಾರ ತನ್ನ ಕಾರ್ಡಿನಿಂದ ಬಾಗಿಲು ತೆರೆದುಕೊಡುತ್ತಾನೆ. ತಿರಸ್ಕರಿಸಿದಾಗ ಬರೀ ಕೆಂಪು ದೀಪ ಬೇಡ, ಕಾವಲುಗಾರನ ಪರದೆಯಲ್ಲಿ ಕಾರಣ ಕಾಣಲಿ.

ಅವಧಿಯಷ್ಟೇ ಮುಖ್ಯವಾದ ಇನ್ನೊಂದಿದೆ: ಅನುಮತಿ ಇದ್ದವರೂ ಈಗ ಅಲ್ಲಿರಬೇಕೇ ಎಂಬುದು. 2005ರ ಮಾರ್ಚ್ 23ರಂದು ಟೆಕ್ಸಸ್ ಸಿಟಿಯ ತೈಲ ಶುದ್ಧೀಕರಣಾಗಾರದಲ್ಲಿ ಒಂದು ಘಟಕವನ್ನು ಮತ್ತೆ ಚಾಲೂ ಮಾಡುವಾಗ ಸ್ಫೋಟವಾಗಿ 15 ಮಂದಿ ಸತ್ತರು. ಸತ್ತವರು ಹತ್ತಿರದ ತಾತ್ಕಾಲಿಕ ಟ್ರೈಲರ್ ಕಚೇರಿಗಳಲ್ಲಿ ಮತ್ತು ಅವುಗಳ ಆಸುಪಾಸಿನಲ್ಲಿದ್ದ ಗುತ್ತಿಗೆ ನೌಕರರು. ಆ ಘಟಕದ ಚಾಲನೆಗೆ ಅವರ ಅಗತ್ಯವೇ ಇರಲಿಲ್ಲ. ಘಟಕ ಚಾಲೂ ಮಾಡುವಾಗ, ನಿಲ್ಲಿಸುವಾಗ, ಒತ್ತಡ ಪರೀಕ್ಷೆ ನಡೆಸುವಾಗ ಆ ವಲಯಕ್ಕೆ ಅಗತ್ಯವಿರುವ ಹತ್ತು ಹದಿನೈದು ಹೆಸರು ಬಿಟ್ಟು ಉಳಿದ ಕಾರ್ಡುಗಳನ್ನೆಲ್ಲ ತಾತ್ಕಾಲಿಕವಾಗಿ ನಿಲ್ಲಿಸುವ ಒಂದು ಗುಂಡಿಯನ್ನು ಪಾಳಿ ಮುಖ್ಯಸ್ಥರ ಕೈಗೆ ಕೊಡಿ. ಗುಂಡಿ ಒತ್ತುವ ಮೊದಲು ಈಗಾಗಲೇ ಒಳಗಿರುವವರನ್ನು ಪಟ್ಟಿ ಹಿಡಿದು ಹೊರಗೆ ಕರೆಸಬೇಕು. ನಿಂತುಹೋದ ಕಾರ್ಡು ಆಗಲೂ ಹೊರದಿಕ್ಕಿನಲ್ಲಿ ಗೇಟು ತೆರೆಯುವಂತೆ ಇರಿಸಿರಿ.